ದೊಡ್ಡ ಬ್ಯಾಂಕಿನ ಉಯಿಲು

ಪ್ಲೇಸ್‌ಮೆಂಟ್ ಶುರುವಾದರೆ ಬೆಂಗಳೂರಿನ ಸುತ್ತಮುತ್ತಲ ಕಾಲೇಜುಗಳಿಗೆ ಬರುವ ಕಂಪನಿಗಳ ಪಟ್ಟಿಯಲ್ಲಿ ಸಾಫ್ಟ್‌ವೇರ್ ಕಂಪನಿಗಳ ಜೊತೆಗೆ ವಿದೇಶಿ ಬ್ಯಾಂಕುಗಳ ಹೆಸರೂ ಇರುತ್ತದೆ. ಗೋಲ್ಡ್‌ಮನ್ ಸ್ಯಾಕ್ಸ್, ಜೆಪಿ ಮಾರ್ಗನ್, ವೆಲ್ಸ್ ಫಾರ್ಗೊ ಇತ್ಯಾದಿ. ಸಿಟಿಸಿ ಎಷ್ಟು, ಕಟ್‌ಆಫ್ ಎಷ್ಟು, ಎಷ್ಟು ರೌಂಡ್ ಇಂಟರ್‌ವ್ಯೂ ಅಂತ ನಾವೆಲ್ಲ ವಿಚಾರಿಸುತ್ತೇವೆ. ಆದರೆ ಈ ಬ್ಯಾಂಕುಗಳು ಬರೆದು ಸರ್ಕಾರಕ್ಕೆ ಕೊಟ್ಟಿರುವ ಒಂದು ದಾಖಲೆಯನ್ನು ನೋಡಿದವರು ನಮ್ಮಲ್ಲಿ ಬಹಳ ಕಡಿಮೆ. ಅದರಲ್ಲಿರುವ ಪ್ರಶ್ನೆ ಇಷ್ಟೇ: ಮುಂದೊಂದು ದಿನ ನಾವು ಮುಳುಗುವುದೇ ಆದರೆ, ಹೇಗೆ ಮುಳುಗಬೇಕು?

ಅಮೆರಿಕದ ಕಾನೂನು ಇದನ್ನು ರಿಸಲ್ಯೂಷನ್ ಪ್ಲ್ಯಾನ್ ಎನ್ನುತ್ತದೆ. ಜನ ಕರೆಯುವುದು ಲಿವಿಂಗ್ ವಿಲ್ ಅಂತ. ನಾವು ಉಯಿಲು ಅನ್ನೋಣ. ಬ್ಯಾಂಕು ಮುಳುಗದ ಹಾಗೆ ನೋಡಿಕೊಳ್ಳುವ ಯೋಜನೆ ಇದಲ್ಲ, ಅದು ಬೇರೆ ಇರುತ್ತದೆ. ಎಲ್ಲ ಪ್ರಯತ್ನ ಸೋತು, ಉಳಿಸಲು ಆಗುವುದಿಲ್ಲ ಎಂದಾದ ಮೇಲೆ ಯಾವ ಭಾಗ ಮೊದಲು ನಿಲ್ಲಬೇಕು, ಯಾವುದು ಒಂದು ಗಂಟೆಯೂ ನಿಲ್ಲಬಾರದು, ನಷ್ಟ ಯಾರ ತಲೆಗೆ, ಇವನ್ನೆಲ್ಲ ಬ್ಯಾಂಕು ಗಟ್ಟಿಯಾಗಿರುವಾಗಲೇ ಬರೆದಿಡುವುದು. ಹೆಚ್ಚಿನ ಭಾಗ ಗುಟ್ಟಾಗಿರುತ್ತದೆ. ಒಂದು ಸಾರ್ವಜನಿಕ ಭಾಗ ಇದೆ, ಅದನ್ನು ಯಾರು ಬೇಕಾದರೂ ಓದಬಹುದು.

ಇಂಥದ್ದೊಂದು ಯಾಕೆ ಬೇಕು? ಒಂದು ಸ್ಟೀಲ್ ಫ್ಯಾಕ್ಟರಿ ದಿವಾಳಿ ಎದ್ದಿತು ಅಂದುಕೊಳ್ಳಿ. ಕೋರ್ಟಿಗೆ ಅರ್ಜಿ ಹೋಗುತ್ತದೆ, ಸಾಲಗಾರರ ಕೈ ಕಟ್ಟಲಾಗುತ್ತದೆ, ಕುಲುಮೆ ಆರಿದರೂ ಕಟ್ಟಡ, ಯಂತ್ರ, ಜಮೀನು ಅಲ್ಲೇ ಇರುತ್ತವೆ. ಆರು ತಿಂಗಳೋ ಎರಡು ವರ್ಷವೋ ಕೂತು ಮಾತಾಡಿ ಮಾರಬಹುದು. ಬ್ಯಾಂಕಿಗೆ ಈ ಸೌಲಭ್ಯ ಇಲ್ಲ. ಅದರ ಯಂತ್ರ, ಕಚ್ಚಾ ವಸ್ತು ಎಲ್ಲವೂ ನಂಬಿಕೆ. ನಿಮ್ಮ ಠೇವಣಿ ಕೇಳಿದ ಕ್ಷಣ ವಾಪಸ್ ಕೊಡಬೇಕಾದ ಹಣ. ಬ್ಯಾಂಕು ಅದನ್ನು ಇಪ್ಪತ್ತು ವರ್ಷದ ಗೃಹಸಾಲವಾಗಿಯೋ ಹತ್ತು ವರ್ಷದ ಬಾಂಡಾಗಿಯೋ ಮಾಡಿಟ್ಟಿರುತ್ತದೆ. ಎಲ್ಲರೂ ಒಟ್ಟಿಗೆ ಬಂದು ಕೇಳದಿದ್ದರೆ ಎಲ್ಲವೂ ಸರಿ. ಕೇಳಿದರೆ ಒಳ್ಳೆಯ ಬ್ಯಾಂಕೂ ಉಳಿಯುವುದಿಲ್ಲ.

ಮತ್ತೆ, ಈಗ ಕೇಳುವುದಕ್ಕೆ ಸಾಲಿನಲ್ಲಿ ನಿಲ್ಲಬೇಕಾಗಿಲ್ಲ. 2008ರಲ್ಲಿ ಅಮೆರಿಕದ ವಾಷಿಂಗ್ಟನ್ ಮ್ಯೂಚುವಲ್ ಬ್ಯಾಂಕಿನಿಂದ ಸುಮಾರು ಹತ್ತು ದಿನದಲ್ಲಿ 1,670 ಕೋಟಿ ಡಾಲರ್ ಹೊರಗೆ ಹೋಯಿತು, ಬ್ಯಾಂಕು ಮುಚ್ಚಿತು. 2023ರ ಮಾರ್ಚ್ 9ರಂದು ಸಿಲಿಕಾನ್ ವ್ಯಾಲಿ ಬ್ಯಾಂಕಿನಿಂದ ಒಂದೇ ದಿನದಲ್ಲಿ 4,200 ಕೋಟಿ ಡಾಲರ್ ಹೋಯಿತು. ಮರುದಿನಕ್ಕೆ ಇನ್ನೂ 10,000 ಕೋಟಿ ಡಾಲರ್ ಕಾದು ನಿಂತಿತ್ತು. ಫೋನಿನಲ್ಲಿ ಎರಡು ಸಲ ಒತ್ತಿದರೆ ಆಯಿತಲ್ಲ.

ಹಾಗಾಗಿ ದೊಡ್ಡ ಬ್ಯಾಂಕನ್ನು ಸಾಯಿಸುವುದಾದರೆ ವಾರಾಂತ್ಯದಲ್ಲೇ ಸಾಯಿಸಬೇಕು. ಶುಕ್ರವಾರ ಸಂಜೆ ನಾಲ್ಕಕ್ಕೆ ನ್ಯೂಯಾರ್ಕ್ ಷೇರುಪೇಟೆ ಮುಚ್ಚುತ್ತದೆ. ಟೋಕಿಯೋದಲ್ಲಿ ಸೋಮವಾರ ಬೆಳಗ್ಗೆ ಪೇಟೆ ತೆರೆಯುವಾಗ ನ್ಯೂಯಾರ್ಕಿನಲ್ಲಿ ಇನ್ನೂ ಭಾನುವಾರ ರಾತ್ರಿ. ನಡುವೆ ಸಿಗುವುದು 50 ಗಂಟೆ ಚಿಲ್ಲರೆ. ಮಿನಿ ಪ್ರಾಜೆಕ್ಟ್ ರಿಪೋರ್ಟನ್ನು ಒಂದು ವಾರಾಂತ್ಯದಲ್ಲಿ ಬರೆದು ಮುಗಿಸಲು ನೋಡಿದವರಿಗೆ ಆ 50 ಗಂಟೆ ಹೇಗೆ ಕರಗುತ್ತದೆ ಅಂತ ಗೊತ್ತು.

ಲೇಮನ್ ಸೋಮವಾರ

ಯೋಜನೆ ಇಲ್ಲದೆ ಸತ್ತರೆ ಏನಾಗುತ್ತದೆ ಎನ್ನುವುದಕ್ಕೆ ಲೇಮನ್ ಬ್ರದರ್ಸ್‌ಗಿಂತ ದೊಡ್ಡ ಉದಾಹರಣೆ ಇಲ್ಲ. 2008ರ ಸೆಪ್ಟೆಂಬರ್ 15, ಸೋಮವಾರ. 63,900 ಕೋಟಿ ಡಾಲರ್ ಆಸ್ತಿ ತೋರಿಸಿ ಅಮೆರಿಕದಲ್ಲಿ ದಿವಾಳಿ ಅರ್ಜಿ ಹಾಕಿತು. ಅಮೆರಿಕದ ಇತಿಹಾಸದಲ್ಲೇ ಅಷ್ಟು ದೊಡ್ಡದು ಇನ್ನೊಂದಿಲ್ಲ. ಇದು ಜನರ ಉಳಿತಾಯ ಖಾತೆ ಇಟ್ಟುಕೊಳ್ಳುವ ಬ್ಯಾಂಕಲ್ಲ, ಹೂಡಿಕೆ ಬ್ಯಾಂಕು. ಆದರೆ ಪ್ರಪಂಚದ ಹಣದ ಕೊಳಾಯಿ ಜಾಲದಲ್ಲಿ ಎಲ್ಲ ಕಡೆ ಇದರ ಪೈಪು ಇತ್ತು.

ಗಮನಿಸಬೇಕಾದ್ದು ಅದರ ಒಳಗಿನ ಕಟ್ಟಡವನ್ನು. ಕೆಲಸದ ದೃಷ್ಟಿಯಿಂದ ಲೇಮನ್ ಒಂದೇ ಕಂಪನಿ. ಒಂದೂರಲ್ಲಿ ಕುದುರಿದ ವ್ಯವಹಾರ ಇನ್ನೊಂದೂರಿನ ಕಂಪನಿಯ ಪುಸ್ತಕದಲ್ಲಿ ಬರೆಯಲ್ಪಡುತ್ತಿತ್ತು, ಅದರ ಲೆಕ್ಕಪತ್ರ ಮೂರನೇ ಊರಿನಲ್ಲಿ ನಡೆಯುತ್ತಿತ್ತು. ಯಾರಿಗೂ ತಲೆಬಿಸಿ ಇರಲಿಲ್ಲ. ಆದರೆ ಕಾನೂನಿನ ದೃಷ್ಟಿಯಿಂದ ಅದು 40ಕ್ಕೂ ಹೆಚ್ಚು ದೇಶಗಳಲ್ಲಿ ಹರಡಿದ್ದ ಸುಮಾರು 7,000 ಬೇರೆ ಬೇರೆ ಘಟಕಗಳು. ಬದುಕಿರುವವರೆಗೆ ಮೊದಲನೆಯ ಚಿತ್ರ ನಿಜ. ಸತ್ತ ಕ್ಷಣದಿಂದ ಎರಡನೆಯದು ನಿಜ. ಯಾಕಂದ್ರೆ ದಿವಾಳಿ ಕಾನೂನು ಅಂತರರಾಷ್ಟ್ರೀಯ ಅಲ್ಲ, ಪ್ರತಿ ದೇಶದ್ದೂ ಬೇರೆ. ಲಂಡನ್ನಿನ ಆಡಳಿತಾಧಿಕಾರಿಯ ಕರ್ತವ್ಯ ಲಂಡನ್ ಕಂಪನಿಯ ಸಾಲಗಾರರಿಗೆ ಮಾತ್ರ, ನ್ಯೂಯಾರ್ಕಿನವರಿಗೆ ಏನಾಯಿತು ಎನ್ನುವುದು ಅವರ ಕೆಲಸ ಅಲ್ಲ.

ಲೇಮನ್ ತನ್ನ ನಗದನ್ನು ಒಂದೇ ಕಡೆ ನಿರ್ವಹಿಸುತ್ತಿತ್ತು. ಪ್ರತಿ ದಿನದ ಕೊನೆಗೆ ಬೇರೆ ಬೇರೆ ದೇಶದ ಕಂಪನಿಗಳ ಹಣವೆಲ್ಲ ನ್ಯೂಯಾರ್ಕಿಗೆ ಬರುತ್ತಿತ್ತು, ಮರುದಿನ ಬೆಳಗ್ಗೆ ಎಲ್ಲಿಗೆ ಎಷ್ಟು ಬೇಕೋ ಅಷ್ಟು ವಾಪಸ್ ಹೋಗುತ್ತಿತ್ತು. ಹಣ ಸುಮ್ಮನೆ ಮಲಗಬಾರದು ಅನ್ನುವ ಲೆಕ್ಕದಲ್ಲಿ ಇದು ಬಹಳ ಜಾಣ ವ್ಯವಸ್ಥೆ. ಆ ಶುಕ್ರವಾರವೂ ಹಣ ನ್ಯೂಯಾರ್ಕಿಗೆ ಹೋಯಿತು. ಸೋಮವಾರ ಬೆಳಗ್ಗೆ ವಾಪಸ್ ಬರಲಿಲ್ಲ. ಹೀಗೆ ಹೋದದ್ದು ಸುಮಾರು 800 ಕೋಟಿ ಡಾಲರ್ ಅಂತ ಆಗ ದೊಡ್ಡ ಗಲಾಟೆಯೇ ಆಯಿತು. ಲಂಡನ್ ಕಂಪನಿಗೆ ಸಂಬಳ ಕೊಡುವುದಕ್ಕೂ ಕೈಯಲ್ಲಿ ನಗದು ಸಾಲದ ಸ್ಥಿತಿ. ಅಲ್ಲಿ ಷೇರು, ಬಾಂಡ್ ಇಟ್ಟಿದ್ದ ಹೆಡ್ಜ್ ಫಂಡುಗಳ ಆಸ್ತಿಯೂ ಅಲ್ಲೇ ಸಿಕ್ಕಿಹಾಕಿಕೊಂಡಿತು. ಯಾವುದು ಗ್ರಾಹಕರದ್ದು, ಯಾವುದು ಬ್ಯಾಂಕಿನದು ಅಂತ ಬಿಡಿಸಲು ವರ್ಷಗಳೇ ಹಿಡಿದವು.

ಇನ್ನು ಡೆರಿವೇಟಿವ್‌ಗಳು. ಬಡ್ಡಿದರ ಹೀಗಾದರೆ ನಾನು ನಿನಗೆ ಕೊಡುತ್ತೇನೆ, ಹಾಗಾದರೆ ನೀನು ನನಗೆ ಕೊಡು ಎನ್ನುವ ಕರಾರುಗಳು. ಲೇಮನ್ ಹತ್ತಿರ ಇಂಥವು 9 ಲಕ್ಷಕ್ಕೂ ಹೆಚ್ಚು ಇದ್ದವು. ಸಾಮಾನ್ಯ ದಿವಾಳಿಯಲ್ಲಿ ಸಾಲಗಾರರ ಕೈ ಕಟ್ಟಲಾಗುತ್ತದೆ ಅಂದೆವಲ್ಲ, ಡೆರಿವೇಟಿವ್ ಕರಾರುಗಳಿಗೆ ಮಾತ್ರ ಆ ಕಟ್ಟು ಇಲ್ಲ. ಎದುರು ಪಕ್ಷ ಬಿದ್ದಿತು ಅಂದ ಕೂಡಲೇ ಕರಾರು ಮುರಿದು, ಅಡಮಾನ ಎತ್ತಿಕೊಂಡು, ಆ ಕ್ಷಣದ ಬೆಲೆಗೆ ಲೆಕ್ಕ ಮುಗಿಸಬಹುದು. ಪ್ರತಿಯೊಬ್ಬರಿಗೂ ಹಾಗೆ ಮಾಡುವುದೇ ಬುದ್ಧಿವಂತಿಕೆ. ಎಲ್ಲರೂ ಒಟ್ಟಿಗೆ ಹಾಗೆ ಮಾಡಿದರೆ ಬೆಲೆಗಳೇ ಕುಸಿಯುತ್ತವೆ.

ಕಂಪ್ಯೂಟರುಗಳ ಕಥೆ ಇನ್ನೊಂದು. ಅಮೆರಿಕದ ವ್ಯವಹಾರವನ್ನು ಬಾರ್ಕ್ಲೇಸ್ ಕೊಂಡಿತು, ಏಷ್ಯಾ ಮತ್ತು ಯುರೋಪಿನ ದೊಡ್ಡ ಭಾಗವನ್ನು ಜಪಾನಿನ ನೊಮುರಾ ಕೊಂಡಿತು. ಜನ ಮತ್ತು ಸರ್ವರುಗಳು ಕೊಂಡವರ ಜೊತೆ ಹೋದವು. ಉಳಿದ ಲೇಮನ್ನಿನ ಲೆಕ್ಕ ಚುಕ್ತಾ ಮಾಡಬೇಕಾದವರು ತಮ್ಮದೇ ಕಂಪನಿಯ ಡೇಟಾವನ್ನು ಬೇರೆಯವರ ಹತ್ತಿರ ಕೇಳಿ ಪಡೆಯಬೇಕಾಯಿತು.

ಆ ಸೋಮವಾರದ ಮರುದಿನವೇ ರಿಸರ್ವ್ ಪ್ರೈಮರಿ ಎನ್ನುವ ಒಂದು ಮನಿ ಮಾರ್ಕೆಟ್ ಫಂಡ್ ತನ್ನ ಒಂದು ಡಾಲರ್ ಬೆಲೆ 97 ಸೆಂಟಿಗೆ ಇಳಿದಿದೆ ಎಂದಿತು. ಅದರ ಬಳಿ 78.5 ಕೋಟಿ ಡಾಲರಿನ ಲೇಮನ್ ಸಾಲಪತ್ರ ಇತ್ತು. ಬ್ಯಾಂಕಿನಷ್ಟೇ ಭದ್ರ ಅಂತ ಜನ ಹಣ ಇಟ್ಟಿದ್ದ ಜಾಗ ಅದು. ಅದೇ ದಿನ ವಿಮಾ ಕಂಪನಿ ಎಐಜಿಯನ್ನು ಉಳಿಸಲು ಅಮೆರಿಕ 8,500 ಕೋಟಿ ಡಾಲರ್ ಸಾಲ ಘೋಷಿಸಿತು.

ಇಷ್ಟೆಲ್ಲ ಆದಮೇಲೆ ಲಂಡನ್ ಕಂಪನಿಯ ಲೆಕ್ಕ ಕೊನೆಗೆ ಏನಾಯಿತು ಗೊತ್ತಾ? ಸಾಮಾನ್ಯ ಸಾಲಗಾರರಿಗೆಲ್ಲ ಅಸಲು ಪೂರ್ತಿ ಸಿಕ್ಕಿತು. ಅದರ ಮೇಲೂ ನೂರಾರು ಕೋಟಿ ಪೌಂಡ್ ಮಿಕ್ಕಿತು, ಆ ಮಿಕ್ಕದ್ದು ಯಾರಿಗೆ ಸೇರಬೇಕು ಎನ್ನುವ ಜಗಳ ಬ್ರಿಟನ್ನಿನ ಸುಪ್ರೀಂ ಕೋರ್ಟಿನವರೆಗೆ ಹೋಯಿತು. ಅಂದರೆ ಲಂಡನ್ನಿನಲ್ಲಿ ಆಸ್ತಿ ಇತ್ತು. ಆ ಸೋಮವಾರ ಬೆಳಗ್ಗೆ ಅದು ಯಾರ ಕೈಗೂ ಎಟುಕುವ ಹಾಗಿರಲಿಲ್ಲ, ಅಷ್ಟೇ. ಲೇಮನ್ ಗುಂಪು ಒಟ್ಟಾರೆ ಕೆಟ್ಟ ಸಾಲಗಳಿಂದಲೇ ಬಿದ್ದದ್ದು ಹೌದು. ಆದರೆ ಬಿದ್ದ ರೀತಿಯಿಂದ ಆದ ಹಾನಿ ಬೇರೆಯೇ ಒಂದು ಲೆಕ್ಕ, ಮತ್ತು ಅದನ್ನು ತಪ್ಪಿಸಬಹುದಾಗಿತ್ತು.

ಎಲ್ಲಿ ಒಡೆಯಬೇಕು ಅಂತ ಮೊದಲೇ ಗೊತ್ತುಮಾಡುವುದು

2010ರಲ್ಲಿ ಅಮೆರಿಕ ಡಾಡ್-ಫ್ರ್ಯಾಂಕ್ ಕಾಯ್ದೆ ತಂದು ದೊಡ್ಡ ಬ್ಯಾಂಕುಗಳೆಲ್ಲ ಉಯಿಲು ಬರೆಯಲೇಬೇಕು ಎಂದಿತು. ಜಿ20 ದೇಶಗಳು ಕಟ್ಟಿದ ಫೈನಾನ್ಷಿಯಲ್ ಸ್ಟೆಬಿಲಿಟಿ ಬೋರ್ಡ್ 2011ರಿಂದ ಪ್ರತಿ ವರ್ಷ ಪ್ರಪಂಚಕ್ಕೇ ಮುಖ್ಯವಾದ ಬ್ಯಾಂಕುಗಳ ಪಟ್ಟಿ ಹೊರಡಿಸುತ್ತದೆ. 2024ರ ಪಟ್ಟಿಯಲ್ಲಿ 29 ಇದ್ದವು. ಭಾರತದ ಬ್ಯಾಂಕು ಯಾವುದೂ ಅದರಲ್ಲಿಲ್ಲ.

ಈ ಉಯಿಲುಗಳ ಮೂಲ ಉಪಾಯ ನಮಗೆ ಹೊಸದಲ್ಲ. ವ್ಯವಸ್ಥೆ ಎಲ್ಲೋ ಒಂದು ಕಡೆ ಒಡೆಯಲೇಬೇಕಾದರೆ, ಆ ಜಾಗವನ್ನು ನಾವೇ ಆರಿಸಿ ಅದನ್ನು ಬೇಕಂತಲೇ ದುರ್ಬಲವಾಗಿ ಕಟ್ಟುವುದು. ಫ್ಯೂಸ್ ತಂತಿ, ಕಾರಿನ ಮುಂಭಾಗ, ಲೇತ್‌ನ ಶಿಯರ್ ಪಿನ್ ಎಲ್ಲ ಇದೇ ಜಾತಿ. ದೊಡ್ಡ ಬ್ಯಾಂಕಿನಲ್ಲಿ ಆ ಜಾಗ ಮೇಲಿನ ಹೋಲ್ಡಿಂಗ್ ಕಂಪನಿ. ಈ ಕಂಪನಿ ಸ್ವತಃ ಠೇವಣಿ ತೆಗೆದುಕೊಳ್ಳುವುದಿಲ್ಲ, ಪಾವತಿ ಮಾಡುವುದಿಲ್ಲ. ಕೆಳಗಿನ ಕಂಪನಿಗಳ ಷೇರು ಇಟ್ಟುಕೊಂಡು, ಮಾರುಕಟ್ಟೆಯಲ್ಲಿ ಬಾಂಡ್ ಮಾರಿ ಹಣ ಎತ್ತಿ ಕೆಳಗೆ ಕೊಡುತ್ತದೆ. ಕೆಳಗೆ ಎಲ್ಲೇ ನಷ್ಟವಾದರೂ ಅದನ್ನು ಮೇಲಕ್ಕೆ ಎಳೆದುಕೊಂಡು ಹೋಲ್ಡಿಂಗ್ ಕಂಪನಿ ಒಂದೇ ದಿವಾಳಿ ಆಗಬೇಕು. ಕೆಳಗಿನ ನ್ಯೂಯಾರ್ಕ್ ಬ್ಯಾಂಕು, ಲಂಡನ್ ಬ್ರೋಕರು, ಟೋಕಿಯೋ ಕಚೇರಿ ಸೋಮವಾರ ಬೆಳಗ್ಗೆ ಎಂದಿನಂತೆ ಬಾಗಿಲು ತೆಗೆಯಬೇಕು. ಇಇಇ ಗೆಳೆಯರು ಇಲ್ಲಿ ತಕರಾರು ಎತ್ತುತ್ತಾರೆ, ಫಾಲ್ಟ್‌ಗೆ ಹತ್ತಿರದ ಬ್ರೇಕರ್ ತಾನೇ ಟ್ರಿಪ್ ಆಗಬೇಕು, ಮೇನ್ ಯಾಕೆ ಅಂತ. ಸರಿಯಾದ ತಕರಾರು. ಬ್ಯಾಂಕಿನಲ್ಲಿ ಉಲ್ಟಾ, ಯಾಕೆಂದರೆ ಕರೆಂಟು ಹರಿಯುತ್ತಿರುವುದು ಕೆಳಗಿನ ಕಂಪನಿಗಳಲ್ಲಿ, ಮೇನ್‌ನಲ್ಲಿ ಅಲ್ಲ.

ನಷ್ಟ ಮೇಲೆ ಹೋಗಿ ಯಾರಿಗೆ ತಗಲುತ್ತದೆ? ಒಂದು ಸಣ್ಣ ಲೆಕ್ಕ ಹಾಕೋಣ. ಒಂದು ಬ್ಯಾಂಕಿನ ಆಸ್ತಿ 100 ರೂಪಾಯಿ. ಅದರಲ್ಲಿ ಷೇರುದಾರರ ಹಣ 6, ಹೋಲ್ಡಿಂಗ್ ಕಂಪನಿಯ ಬಾಂಡ್ 8, ಠೇವಣಿ ಮತ್ತಿತರ ಬಾಕಿ 86. ಈಗ 7 ರೂಪಾಯಿ ನಷ್ಟವಾಯಿತು, ಆಸ್ತಿ 93ಕ್ಕೆ ಇಳಿಯಿತು. ಷೇರುದಾರರ 6 ಪೂರ್ತಿ ಹೋಯಿತು, ಬಾಂಡಿನವರಿಗೂ 1 ರೂಪಾಯಿ ಪೆಟ್ಟು. ಉಳಿದ 7 ರೂಪಾಯಿ ಬಾಂಡನ್ನು ಷೇರಾಗಿ ಬದಲಾಯಿಸಿಬಿಟ್ಟರೆ ಬಾಂಡಿನವರೇ ಹೊಸ ಮಾಲೀಕರು. ಬ್ಯಾಂಕಿಗೆ ಮತ್ತೆ 7 ರೂಪಾಯಿ ಬಂಡವಾಳ ಬಂತು, ಠೇವಣಿದಾರರ 86 ಹಾಗೇ ಇದೆ. ಸರ್ಕಾರದ ಬೊಕ್ಕಸದಿಂದ ಒಂದು ರೂಪಾಯಿ ಹೋಗಲಿಲ್ಲ. ಇದಕ್ಕೆ ಬೇಲ್-ಇನ್ ಎನ್ನುತ್ತಾರೆ. ಹೊರಗಿನವರು ಹಣ ಹಾಕಿ ಉಳಿಸಿದರೆ ಬೇಲ್-ಔಟ್, ಒಳಗಿನವರ ಹಣದಿಂದಲೇ ಉಳಿಸಿದರೆ ಬೇಲ್-ಇನ್.

ಇದು ನಡೆಯಬೇಕಾದರೆ ಅಂಥ ಬಾಂಡು ಸಾಕಷ್ಟು ಇರಬೇಕಲ್ಲ. ಅದಕ್ಕೇ 2015ರಲ್ಲಿ ಒಂದು ಅಂತರರಾಷ್ಟ್ರೀಯ ಮಟ್ಟ ಗೊತ್ತುಮಾಡಿದರು. ದೊಡ್ಡ ಬ್ಯಾಂಕು ತನ್ನ ಆಸ್ತಿಯನ್ನು ಅಪಾಯದ ಪ್ರಕಾರ ತೂಗಿ, ಆ ತೂಕದ ಕನಿಷ್ಠ 18%ರಷ್ಟು ನಷ್ಟ ನುಂಗುವ ಹಣ ಇಟ್ಟಿರಬೇಕು, ಷೇರು ಮತ್ತು ಬಾಂಡ್ ಎರಡೂ ಸೇರಿ. 2022ರಿಂದ ಇದು ಪೂರ್ತಿ ಜಾರಿಯಲ್ಲಿದೆ.

ಡೆರಿವೇಟಿವ್‌ಗೂ ಒಂದು ಮದ್ದು ಕಂಡುಕೊಂಡರು. 2014ರಲ್ಲಿ 18 ದೊಡ್ಡ ಬ್ಯಾಂಕುಗಳು ತಮ್ಮತಮ್ಮಲ್ಲಿ ಒಪ್ಪಂದ ಮಾಡಿಕೊಂಡವು: ನಮ್ಮಲ್ಲೊಬ್ಬರು ಬಿದ್ದರೆ ಕೂಡಲೇ ಕರಾರು ಮುರಿಯುವುದಿಲ್ಲ, ಒಂದೆರಡು ದಿನ ತಡೆದುಕೊಳ್ಳುತ್ತೇವೆ. ಆಮೇಲೆ ಕಾನೂನಿನ ಬಲವೂ ಅದರ ಹಿಂದೆ ಬಂತು. ಒಂದೆರಡು ದಿನ ಅಂದರೆ ಜುಜುಬಿ ಅನ್ನಿಸಬಹುದು. ಆ ವಾರಾಂತ್ಯದ ಲೆಕ್ಕದಲ್ಲಿ ಅದು ದೊಡ್ಡ ಅವಧಿ.

ಇದೆಲ್ಲದರಲ್ಲಿ ನಮಗೆ ಅತ್ಯಂತ ಕಷ್ಟದ್ದು ಅನ್ನಿಸಿದ್ದು ಗಣಿತವೂ ಅಲ್ಲ, ಕಾನೂನೂ ಅಲ್ಲ. ಸಮಯ. ಕೆಳಗಿನ ಕಂಪನಿಗಳು ಹೋಲ್ಡಿಂಗ್ ಕಂಪನಿ ಸತ್ತ ಮೇಲೂ ನಡೆಯಬೇಕಾದರೆ ಅವಕ್ಕೆ ಕೈಯಲ್ಲಿ ನಗದು ಬೇಕು. ಅಂದರೆ ಹೋಲ್ಡಿಂಗ್ ಕಂಪನಿ ಪೂರ್ತಿ ಬರಿಗೈ ಆಗುವ ಮೊದಲೇ, ಇನ್ನೂ ಹಣ ಇರುವಾಗಲೇ, ಅದನ್ನು ಕೆಳಗೆ ಇಳಿಸಿ ತಾನು ಕೋರ್ಟಿಗೆ ಹೋಗಬೇಕು. ಅಮೆರಿಕದ ಬ್ಯಾಂಕುಗಳು ಇದಕ್ಕೆ ಟ್ರಿಗರ್‌ಗಳನ್ನು ಇಟ್ಟುಕೊಂಡಿವೆ. ನಗದು ಇಷ್ಟಕ್ಕಿಂತ ಕೆಳಗಿಳಿದರೆ ಆಡಳಿತ ಮಂಡಳಿ ಸೇರಬೇಕು, ಇನ್ನಷ್ಟು ಇಳಿದರೆ ಹಣ ವರ್ಗಾಯಿಸಬೇಕು, ಮತ್ತೂ ಇಳಿದರೆ ಅರ್ಜಿ ಹಾಕಬೇಕು. ಕೋಡ್ ಬರೆಯುವವರಿಗೆ ಇದು ಮೂರು ಇಫ್ ಸಾಲು. ಆದರೆ ಆ ಕೋಣೆಯಲ್ಲಿ ಕೂತವರಿಗೆ ಬುಧವಾರದವರೆಗೆ ಕಾದರೆ ಯಾರಾದರೂ ಕೊಳ್ಳಲು ಬಂದಾರು ಎನ್ನುವ ಆಸೆ ಇದ್ದೇ ಇರುತ್ತದೆ. ಲೇಮನ್ ಕೂಡ ಕೊನೆಯ ಭಾನುವಾರದವರೆಗೆ ಬಾರ್ಕ್ಲೇಸ್ ಬರುತ್ತದೆ ಅಂತ ಕಾದಿತ್ತು.

ಬೆಂಗಳೂರಿನ ಪಾತ್ರ

ಇಲ್ಲಿ ಪ್ಲೇಸ್‌ಮೆಂಟ್ ಪಟ್ಟಿಗೂ ಉಯಿಲಿಗೂ ನಂಟು ಬರುತ್ತದೆ. ಬ್ಯಾಂಕು ಸೋಮವಾರ ಬಾಗಿಲು ತೆಗೆಯಬೇಕಾದರೆ ಹಣ ಒಂದೇ ಸಾಲದು. ಪಾವತಿ ಸರಿಯಾಗಿ ಹೋಗಿದೆಯಾ ಅಂತ ತಾಳೆ ನೋಡುವವರು, ಟ್ರೇಡಿಂಗ್ ಸಿಸ್ಟಮ್ ನೋಡಿಕೊಳ್ಳುವವರು, ರಿಸ್ಕ್ ಲೆಕ್ಕ ಹಾಕುವ ಸರ್ವರು ನೋಡಿಕೊಳ್ಳುವವರು ಅಂದು ಕೆಲಸಕ್ಕೆ ಬರಬೇಕು. ಅವರಲ್ಲಿ ದೊಡ್ಡ ಪಾಲು ಜನ ಈಗ ಬೆಂಗಳೂರು, ಹೈದರಾಬಾದ್, ಮುಂಬೈಗಳಲ್ಲಿ ಕೂತಿದ್ದಾರೆ.

ಹಾಗಾಗಿ ಉಯಿಲಿನಲ್ಲಿ ಸೇವಾ ಕಂಪನಿಗಳಿಗೇ ಒಂದು ಭಾಗ ಇರುತ್ತದೆ. ಗೋಲ್ಡ್‌ಮನ್ ಸ್ಯಾಕ್ಸ್, ಜೆಪಿ ಮಾರ್ಗನ್ ಎರಡೂ ತಮ್ಮ ಯೋಜನೆಗಳ ಸಾರ್ವಜನಿಕ ಭಾಗದಲ್ಲಿ ಭಾರತದ ತಮ್ಮ ಸೇವಾ ಕಂಪನಿಗಳನ್ನು ಮುಖ್ಯ ಘಟಕಗಳ ಪಟ್ಟಿಯಲ್ಲಿ ಸೇರಿಸಿವೆ. ಅಂದರೆ ಇವು ನಿಂತರೆ ಯೋಜನೆಯೇ ನಿಲ್ಲುತ್ತದೆ. ಅದಕ್ಕೆ ಈ ಕಂಪನಿಗಳನ್ನು ವ್ಯಾಪಾರದ ರಿಸ್ಕಿನಿಂದ ಬೇರ್ಪಡಿಸಿ ಇಡುತ್ತಾರೆ. ಮೇಲಿನವರು ಬಿದ್ದರೂ ಹಲವು ತಿಂಗಳ ಸಂಬಳ, ಬಾಡಿಗೆ, ಕರೆಂಟ್ ಬಿಲ್ಲಿಗೆ ಸಾಲುವಷ್ಟು ಹಣವನ್ನು ಮೊದಲೇ ಎತ್ತಿಡುತ್ತಾರೆ. ಸಾಫ್ಟ್‌ವೇರ್ ಲೈಸೆನ್ಸ್ ಕೊಟ್ಟವರು ದಿವಾಳಿ ಸುದ್ದಿ ಕೇಳಿ ಕೀ ಕಿತ್ತುಕೊಳ್ಳದ ಹಾಗೆ ಕರಾರಿನಲ್ಲಿ ಷರತ್ತು ಬರೆಸುತ್ತಾರೆ. ಇಂಥ ಕೆಲಸ ಬಲ್ಲವರು ಬಿಟ್ಟುಹೋಗದಂತೆ ಏನು ಮಾಡಬೇಕು ಎನ್ನುವ ಯೋಜನೆಯೂ ಇರುತ್ತದೆ. ಯಾವ ಸಿಸ್ಟಮ್ ಯಾವುದನ್ನು ನಂಬಿದೆ, ಯಾವ ಕಂಪನಿ ಯಾವ ಸೇವೆಯನ್ನು ಯಾರಿಂದ ಪಡೆಯುತ್ತಿದೆ ಎಂಬ ದೊಡ್ಡ ಡಿಪೆಂಡೆನ್ಸಿ ಗ್ರಾಫನ್ನು ಸದಾ ಸರಿಯಾಗಿ ಇಟ್ಟುಕೊಳ್ಳಬೇಕು. ಕೆಲಸಕ್ಕೆ ಸೇರಿದ ಮೇಲೆ ನಿಮ್ಮ ಮ್ಯಾನೇಜರ್ ಒಂದು ಬೇಜಾರಿನ ಫಾರ್ಮ್ ಕೊಟ್ಟು "ನಿಮ್ಮ ಅಪ್ಲಿಕೇಷನ್ ಯಾವ ಯಾವ ಘಟಕಕ್ಕೆ ಸೇವೆ ಕೊಡುತ್ತದೆ, ತುಂಬಿ" ಅಂದರೆ, ಅದು ಈ ಗ್ರಾಫಿನ ಒಂದು ಗಂಟು ಇರಬಹುದು.

ಲೇಮನ್ ಕಾಲದಲ್ಲಿ ಇದಾವುದೂ ಇರಲಿಲ್ಲ. ಮುಂಬೈನ ಪೊವೈಯಲ್ಲಿ ಅದರ ಬ್ಯಾಕ್ ಆಫೀಸಿನಲ್ಲಿ ಸಾವಿರಾರು ಜನ ಇದ್ದರು. ನೊಮುರಾ ಕೊಂಡಿದ್ದರಿಂದ ಅವರ ಕೆಲಸ ಉಳಿಯಿತು. ಅದು ಯೋಜನೆಯಲ್ಲ, ಅದೃಷ್ಟ.

ಬ್ಯಾಂಕುಗಳು ಬರೆದುಕೊಟ್ಟದ್ದನ್ನೆಲ್ಲ ನಿಯಂತ್ರಕರು ಒಪ್ಪಿದ್ದಾರೆ ಅಂದುಕೊಳ್ಳಬೇಡಿ. 2014ರಲ್ಲಿ 11 ಬ್ಯಾಂಕುಗಳ ಉಯಿಲನ್ನು ಅವಾಸ್ತವ ಊಹೆಗಳ ಮೇಲೆ ನಿಂತಿದೆ ಅಂತ ವಾಪಸ್ ಕಳಿಸಿದರು. 2016ರಲ್ಲಿ ಜೆಪಿ ಮಾರ್ಗನ್, ಬ್ಯಾಂಕ್ ಆಫ್ ಅಮೆರಿಕ ಸೇರಿ ಐದು ಬ್ಯಾಂಕುಗಳ ಯೋಜನೆ ನಂಬುವಂತಿಲ್ಲ ಅಂದರು. ಅದರಲ್ಲಿ ವೆಲ್ಸ್ ಫಾರ್ಗೊ ಎರಡನೇ ಸಲವೂ ಸರಿಪಡಿಸಿ ಕೊಡಲಿಲ್ಲ. ಹೊಸದಾಗಿ ವಿದೇಶಿ ಬ್ಯಾಂಕ್ ಘಟಕ ತೆರೆಯುವಂತಿಲ್ಲ ಅಂತ ಅದಕ್ಕೆ ಕೆಲವು ತಿಂಗಳು ತಡೆ ಬಿತ್ತು. 2024ರಲ್ಲೂ ಸಿಟಿ, ಗೋಲ್ಡ್‌ಮನ್ ಸೇರಿ ನಾಲ್ಕು ಬ್ಯಾಂಕುಗಳ ಡೆರಿವೇಟಿವ್ ಬಿಚ್ಚುವ ಯೋಜನೆಯಲ್ಲಿ ಕೊರತೆ ಕಂಡುಬಂತು. ಒಟ್ಟಿನಲ್ಲಿ ಬ್ಯಾಕ್‌ಲಾಗ್ ನಮಗೆ ಮಾತ್ರ ಅಲ್ಲ.

ಉಯಿಲು ಇತ್ತು, ತೆರೆಯಲಿಲ್ಲ

ಇಷ್ಟೆಲ್ಲ ಕಟ್ಟಿದ ಮೇಲೆ ಪರೀಕ್ಷೆ ಬಂದದ್ದು 2023ರ ಮಾರ್ಚಿನಲ್ಲಿ, ಸ್ವಿಜರ್ಲೆಂಡಿನಲ್ಲಿ. ಕ್ರೆಡಿಟ್ ಸ್ವೀಸ್ 1856ರಲ್ಲಿ ಶುರುವಾದ ಬ್ಯಾಂಕು, ಆ 29-30 ಬ್ಯಾಂಕುಗಳ ಪಟ್ಟಿಯಲ್ಲಿದ್ದದ್ದು. ಹಗರಣಗಳ ಮೇಲೆ ಹಗರಣವಾಗಿ 2022ರ ಕೊನೆಯ ಮೂರು ತಿಂಗಳಲ್ಲೇ ಗ್ರಾಹಕರು 11,000 ಕೋಟಿ ಫ್ರ್ಯಾಂಕಿಗೂ ಹೆಚ್ಚು ಹಣ ತೆಗೆದಿದ್ದರು. ಮಾರ್ಚ್ 10ಕ್ಕೆ ಸಿಲಿಕಾನ್ ವ್ಯಾಲಿ ಬ್ಯಾಂಕು ಬಿದ್ದಾಗ ಎಲ್ಲರ ಕಣ್ಣು ದುರ್ಬಲ ಬ್ಯಾಂಕುಗಳ ಮೇಲೆ ಹೋಯಿತು. 15ರಂದು ಅದರ ಅತಿ ದೊಡ್ಡ ಷೇರುದಾರ ಸೌದಿ ನ್ಯಾಷನಲ್ ಬ್ಯಾಂಕಿನ ಅಧ್ಯಕ್ಷರು ಇನ್ನು ಹೆಚ್ಚು ಹಣ ಹಾಕುವುದಿಲ್ಲ ಎಂದರು. ಮರುದಿನ ಸ್ವಿಸ್ ಕೇಂದ್ರ ಬ್ಯಾಂಕಿನಿಂದ 5,000 ಕೋಟಿ ಫ್ರ್ಯಾಂಕ್‌ವರೆಗೆ ನೆರವು ಪಡೆಯುವುದಾಗಿ ಘೋಷಣೆ ಆಯಿತು. ಅದೂ ಸಾಲಲಿಲ್ಲ.

ಮತ್ತೆ ಅದೇ ವಾರಾಂತ್ಯ. ಸ್ವಿಸ್ ನಿಯಂತ್ರಕ ಫಿನ್ಮಾದ ಬಳಿ ಕ್ರೆಡಿಟ್ ಸ್ವೀಸಿನ ರಿಸಲ್ಯೂಷನ್ ಯೋಜನೆ ಸಿದ್ಧ ಇತ್ತು. ಬೇಲ್-ಇನ್ ಮಾಡಬಹುದಾದ ಬಾಂಡುಗಳಿದ್ದವು. ಅಮೆರಿಕ, ಬ್ರಿಟನ್ನಿನ ನಿಯಂತ್ರಕರ ಜೊತೆ ಮಾತುಕತೆಯೂ ನಡೆದಿತ್ತು. ಆದರೆ ಭಾನುವಾರ, ಮಾರ್ಚ್ 19ರ ಸಂಜೆ ಹೊರಬಂದ ನಿರ್ಧಾರ ಬೇರೆ. ಪಕ್ಕದ ಪ್ರತಿಸ್ಪರ್ಧಿ ಯುಬಿಎಸ್ 300 ಕೋಟಿ ಫ್ರ್ಯಾಂಕಿಗೆ ಕೊಂಡುಕೊಂಡಿತು. ತುರ್ತು ಆದೇಶ ಹೊರಡಿಸಿ ಷೇರುದಾರರ ಮತವನ್ನೂ ಕೇಳಲಿಲ್ಲ. ಯುಬಿಎಸ್‌ಗೆ ಆಗಬಹುದಾದ ನಷ್ಟಕ್ಕೆ ಸರ್ಕಾರ 900 ಕೋಟಿ ಫ್ರ್ಯಾಂಕ್ ಖಾತರಿ ಕೊಟ್ಟಿತು. ಎಟಿ1 ಎನ್ನುವ ಸುಮಾರು 1,600 ಕೋಟಿ ಫ್ರ್ಯಾಂಕಿನ ಬಾಂಡುಗಳನ್ನು ಸೊನ್ನೆ ಮಾಡಿದರು. ಷೇರುದಾರರಿಗೆ ಚೂರಾದರೂ ಸಿಕ್ಕಿತು, ಬಾಂಡಿನವರಿಗೆ ಏನೂ ಇಲ್ಲ. ನಾವು ಮೇಲೆ ಹಾಕಿದ ಲೆಕ್ಕದ ಸರದಿ ಇಲ್ಲಿ ತಿರುವುಮುರುವಾಯಿತು.

ಯಾಕೆ ಯೋಜನೆಯನ್ನು ಬಳಸಲಿಲ್ಲ? ಆಗಿನ ಹಣಕಾಸು ಸಚಿವೆ ಕರಿನ್ ಕೆಲ್ಲರ್-ಸಟ್ಟರ್ ಕೊಟ್ಟ ಕಾರಣದ ತಾತ್ಪರ್ಯ: ಕಾನೂನಿನ ಪ್ರಕಾರ ಸಾಧ್ಯವಿತ್ತು, ಆದರೆ ಅಷ್ಟು ದೊಡ್ಡ ಅಂತರರಾಷ್ಟ್ರೀಯ ಬ್ಯಾಂಕನ್ನು ಹಾಗೆ ಬಿಚ್ಚಿದರೆ ಆಗುವ ಹಾನಿ ಬಹಳ ದೊಡ್ಡದು. ಅದೇ ವರ್ಷ ಫೈನಾನ್ಷಿಯಲ್ ಸ್ಟೆಬಿಲಿಟಿ ಬೋರ್ಡ್ ಪರಿಶೀಲನೆ ಮಾಡಿ ಚೌಕಟ್ಟು ಸರಿಯಾಗಿಯೇ ಇದೆ ಎಂದಿತು, ಆದರೆ ಗಡಿ ದಾಟಿದ ಕಡೆ ಇರುವ ಬಿರುಕುಗಳನ್ನೂ ತೋರಿಸಿತು. ಒಂದು ಉದಾಹರಣೆ: ಸ್ವಿಸ್ ಬಾಂಡನ್ನು ಷೇರಾಗಿ ಬದಲಾಯಿಸಿದರೆ ಅಮೆರಿಕದಲ್ಲಿರುವ ಬಾಂಡುದಾರರ ಕೈಗೆ ಹೊಸ ಷೇರು ಹೋಗುತ್ತದೆ. ಅಮೆರಿಕದ ಕಾನೂನಿನ ಕಣ್ಣಿಗೆ ಅದು ಹೊಸ ಷೇರು ವಿತರಣೆಯಂತೆ ಕಾಣುತ್ತದೆ. ಅದಕ್ಕೆ ನೋಂದಣಿ ಬೇಕು ಅಥವಾ ವಿನಾಯಿತಿ ಬೇಕು. 50 ಗಂಟೆಯಲ್ಲಿ ಈ ವಾದ ಮುಗಿಯುತ್ತದಾ?

ನಮ್ಮ ಅಭಿಪ್ರಾಯ ಕೇಳಿದರೆ, ಸ್ವಿಸ್ ಸರ್ಕಾರ ಹೆದರಿದ್ದು ತಪ್ಪು ಅಂತ ದೂರದಿಂದ ಹೇಳುವುದು ಸುಲಭ. ಒಮ್ಮೆಯೂ ನಿಜವಾಗಿ ಓಡಿಸಿ ನೋಡದ ವ್ಯವಸ್ಥೆಯನ್ನು ಮೊದಲ ಸಲ ಪ್ರೊಡಕ್ಷನ್‌ನಲ್ಲೇ, ಅದೂ ಇಡೀ ಪ್ರಪಂಚದ ಮುಂದೆ, ಓಡಿಸಿ ಅಂದರೆ ಯಾರ ಕೈಯಾದರೂ ನಡುಗುತ್ತದೆ. ಆದರೆ ಅದಕ್ಕೆ ತೆತ್ತ ಬೆಲೆಯೂ ಸಣ್ಣದಲ್ಲ. ಇಬ್ಬರಿದ್ದ ಕಡೆ ಒಬ್ಬನೇ ಉಳಿದ, ಆ ಒಬ್ಬನ ಆಸ್ತಿ ಸ್ವಿಜರ್ಲೆಂಡಿನ ಜಿಡಿಪಿಯ ಸುಮಾರು ಎರಡರಷ್ಟು. ಮುಂದಿನ ಸಲ ಕೊಳ್ಳಲು ಪಕ್ಕದಲ್ಲಿ ಇನ್ನೊಂದು ಯುಬಿಎಸ್ ಇಲ್ಲ. ಅದಕ್ಕೇ ಅಲ್ಲಿನ ಸರ್ಕಾರ 2025ರಲ್ಲಿ ಯುಬಿಎಸ್ ತನ್ನ ವಿದೇಶಿ ಅಂಗಸಂಸ್ಥೆಗಳಿಗೆ ಪೂರ್ತಿ ಬಂಡವಾಳದ ಬೆಂಬಲ ಇಡಬೇಕು ಎನ್ನುವ ಪ್ರಸ್ತಾವ ತಂದಿತು, ಯುಬಿಎಸ್ ಇದು ಅತಿಯಾಯಿತು ಎಂದಿತು. ಎಟಿ1 ಬಾಂಡು ಸೊನ್ನೆ ಮಾಡಿದ್ದು ಕಾನೂನುಬಾಹಿರ ಅಂತ ಅದೇ ವರ್ಷ ಅಕ್ಟೋಬರಿನಲ್ಲಿ ಸ್ವಿಸ್ ಫೆಡರಲ್ ಆಡಳಿತ ನ್ಯಾಯಾಲಯ ಹೇಳಿತು, ಅದರ ಮೇಲೆ ಮೇಲ್ಮನವಿ ಹೋಯಿತು.

ಇನ್ನು ನಮ್ಮ ದೇಶ. 2017ರ ಆಗಸ್ಟಿನಲ್ಲಿ ಎಫ್‌ಆರ್‌ಡಿಐ ಮಸೂದೆ ಲೋಕಸಭೆಗೆ ಬಂತು, ಮುಳುಗುವ ಬ್ಯಾಂಕುಗಳಿಗಾಗಿ ಪ್ರತ್ಯೇಕ ವ್ಯವಸ್ಥೆ ತರುವುದಕ್ಕೆ. ಅದರಲ್ಲಿ ಬೇಲ್-ಇನ್ ಪದ ಇತ್ತು. ಬ್ಯಾಂಕು ಮುಳುಗಿದರೆ ನಮ್ಮ ಎಫ್‌ಡಿಯನ್ನು ಷೇರು ಮಾಡಿಬಿಡುತ್ತಾರಂತೆ ಅಂತ ಮನೆಮನೆಯ ವಾಟ್ಸ್ಯಾಪ್ ಗುಂಪಿಗೆ ಸುದ್ದಿ ಬಂತು. ನೋಟು ರದ್ದತಿಯಾಗಿ ಒಂದು ವರ್ಷ ಆಗಿತ್ತಷ್ಟೇ, ಜನ ನಂಬದೆ ಏನು ಮಾಡುತ್ತಾರೆ? ಆಗ ಠೇವಣಿ ವಿಮೆ ಇದ್ದದ್ದು ಬರೀ 1 ಲಕ್ಷ. ಹೆದರಿಕೆಯಲ್ಲಿ ಅರ್ಥವಿತ್ತು ಎಂದೇ ನಾವು ಹೇಳುತ್ತೇವೆ. ಮೇಲಿನ ಲೆಕ್ಕದಲ್ಲಿ 8 ರೂಪಾಯಿಯ ಬಾಂಡು ಇದ್ದದ್ದರಿಂದ ಠೇವಣಿ ಉಳಿಯಿತು. ಅಂಥ ಬಾಂಡೇ ಸಾಕಷ್ಟು ಇಲ್ಲದ, ಹೆಚ್ಚಾಗಿ ಠೇವಣಿಯ ಮೇಲೆಯೇ ನಡೆಯುವ ಬ್ಯಾಂಕಿನಲ್ಲಿ ಬೇಲ್-ಇನ್ ಅಂದರೆ ಜನ ಕೇಳುವ ಮೊದಲ ಪ್ರಶ್ನೆ ಅದೇ. 2018ರ ಆಗಸ್ಟಿನಲ್ಲಿ ಸರ್ಕಾರ ಮಸೂದೆ ಹಿಂತೆಗೆದುಕೊಂಡಿತು. 2020ರ ಫೆಬ್ರವರಿಯಲ್ಲಿ ವಿಮೆಯನ್ನು 5 ಲಕ್ಷಕ್ಕೆ ಏರಿಸಿದರು. ಆದರೆ ಮಸೂದೆ ಇಲ್ಲ ಅಂದಮಾತ್ರಕ್ಕೆ ನಷ್ಟ ಯಾರಿಗೂ ತಗಲುವುದಿಲ್ಲ ಅಂತೇನಿಲ್ಲ.

ಮರು ತಿಂಗಳೇ ಯೆಸ್ ಬ್ಯಾಂಕ್ ನಿಂತಿತು. 2020ರ ಮಾರ್ಚ್ 5ರ ಸಂಜೆ, ಒಬ್ಬರು 50,000 ರೂಪಾಯಿಗಿಂತ ಹೆಚ್ಚು ತೆಗೆಯುವಂತಿಲ್ಲ ಎಂಬ ಆದೇಶ ಬಂತು. ಫೋನ್‌ಪೇ ಆಗ ಯೆಸ್ ಬ್ಯಾಂಕಿನ ಮೂಲಕ ಯುಪಿಐ ನಡೆಸುತ್ತಿತ್ತು, ಹಾಗಾಗಿ ಆ ರಾತ್ರಿ ಯೆಸ್ ಬ್ಯಾಂಕಿನಲ್ಲಿ ಖಾತೆಯೇ ಇಲ್ಲದವರ ಪಾವತಿಯೂ ನಿಂತಿತು. ಎಸ್‌ಬಿಐ ಮುಂದಾಳತ್ವದಲ್ಲಿ ಬೇರೆ ಬ್ಯಾಂಕುಗಳು ಹಣ ಹಾಕಿದವು, 8,415 ಕೋಟಿ ರೂಪಾಯಿಯ ಎಟಿ1 ಬಾಂಡುಗಳನ್ನು ಸೊನ್ನೆ ಮಾಡಲಾಯಿತು, ಮಾರ್ಚ್ 18ಕ್ಕೆ ನಿರ್ಬಂಧ ತೆರವಾಯಿತು. ಆ ಬಾಂಡುಗಳಲ್ಲಿ ನಿವೃತ್ತಿ ಹಣ ಹಾಕಿದ್ದವರೂ ಇದ್ದರು. 2023ರ ಜನವರಿಯಲ್ಲಿ ಬಾಂಬೆ ಹೈಕೋರ್ಟ್ ಆ ಸೊನ್ನೆಯನ್ನು ರದ್ದು ಮಾಡಿತು, ವ್ಯಾಜ್ಯ ಅಲ್ಲಿಂದ ಸುಪ್ರೀಂ ಕೋರ್ಟಿಗೆ ಹೋಯಿತು.